ಸೃಜನಶೀಲ ವೃತ್ತಿಯಲ್ಲಿ ಜನರೇಟಿವ್ ಎಐ: ಹೇಳಿ ಬಳಸುವ ಕ್ರಮ

ಬರಹಗಾರರು, ಚಿತ್ರಕಾರರು, ಅನುವಾದಕರು, ವಿನ್ಯಾಸಕರು, ಕಂಠದಾನ ಕಲಾವಿದರು ಜನರೇಟಿವ್ ಎಐ, ಅಂದರೆ ಕೇಳಿದ ಬರಹ, ಚಿತ್ರ, ಧ್ವನಿಗಳನ್ನು ತಾನೇ ರಚಿಸಿಕೊಡುವ ತಂತ್ರಾಂಶ, ಬಳಸಬೇಕೋ ಬೇಡವೋ ಎಂಬ ವಾದ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಅದು ನಾವು ದಿನವೂ ತೆರೆಯುವ ತಂತ್ರಾಂಶಗಳ ಒಳಗೇ ಬಂದು ಕುಳಿತಿದೆ. ಬಳಸುವುದೇ ಇಲ್ಲ ಎಂದು ನಿರ್ಧರಿಸಿದವರ ನಿಲುವನ್ನು ನಾನು ಗೌರವಿಸುತ್ತೇನೆ, ಅವರ ಮನಸ್ಸು ಬದಲಿಸುವುದು ಈ ಬರಹದ ಉದ್ದೇಶವಲ್ಲ. ಬಳಸಲು ಮುಂದಾದವರಿಗೆ, ಅಥವಾ ಕೆಲಸ ಕೊಡುವವರ ಒತ್ತಾಯದಿಂದ ಬಳಸಬೇಕಾಗಿ ಬಂದವರಿಗೆ, ಅದನ್ನು ಅನ್ಯಾಯವಿಲ್ಲದೆ ಬಳಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಎಲ್ಲ ಹಂತಗಳಿಗೂ ನಾನು ಹಿಡಿದಿರುವ ಅಳತೆಗೋಲು ಒಂದೇ. ಈ ಕೆಲಸದಲ್ಲಿ ಯಂತ್ರ ಮಾಡಿದ್ದೆಷ್ಟು, ನಾನು ಮಾಡಿದ್ದೆಷ್ಟು ಎಂಬುದನ್ನು ಹಣ ಕೊಡುವವರಿಗೂ, ಕೃತಿಯನ್ನು ಓದುವ ಅಥವಾ ನೋಡುವವರಿಗೂ, ಯಾರ ಕೃತಿಗಳಿಂದ ಆ ಯಂತ್ರ ಕಲಿತಿದೆಯೋ ಆ ಕಲಾವಿದರಿಗೂ ಬಾಯಿಬಿಟ್ಟು ಹೇಳಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಬಳಸಿ. ಹೇಳಲು ನಾಲಿಗೆ ತಡವರಿಸುವ ಜಾಗ ಯಾವುದೋ, ಸರಿಪಡಿಸಬೇಕಾದ ಜಾಗವೂ ಅದೇ.

ಉಪಕರಣ ಯಾರಿಂದ ಕಲಿತಿದೆ ಎಂದು ಮೊದಲು ಕೇಳಿ

ಚಿತ್ರ ರಚಿಸುವ ಎಐ ಮಾದರಿಗಳ (ಅಪಾರ ಸಾಮಗ್ರಿಯಿಂದ ಕಲಿತು ಕೆಲಸ ಮಾಡುವ ತಂತ್ರಾಂಶಗಳ) ಬೆಳವಣಿಗೆಗೆ ದೊಡ್ಡ ಆಸರೆಯಾದ ಲಯಾನ್-5ಬಿ ಎಂಬ ದತ್ತಾಂಶ ಸಂಗ್ರಹ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳೂ ಅವುಗಳ ವಿವರಣೆಗಳೂ ಇದ್ದವು. ಅಂತರಜಾಲದಿಂದ ಹೆಕ್ಕಿ ತಂದ ಈ ಚಿತ್ರಗಳ ಒಡೆಯರನ್ನು ಒಬ್ಬೊಬ್ಬರಾಗಿ ಯಾರೂ ಕೇಳಿರಲಿಲ್ಲ. ಪುಸ್ತಕಗಳ ವಿಷಯದಲ್ಲಿ ಅಮೆರಿಕದ ನ್ಯಾಯಾಲಯವೊಂದು 2025ರ ಜೂನ್‌ನಲ್ಲಿ, ಆಂಥ್ರೊಪಿಕ್ ಎಂಬ ಎಐ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ಒಂದು ಗೆರೆ ಎಳೆಯಿತು: ಹಣ ಕೊಟ್ಟು ಕೊಂಡ ಪುಸ್ತಕಗಳಿಂದ ಮಾದರಿಗೆ ತರಬೇತಿ ಕೊಡುವುದು ನ್ಯಾಯಯುತ ಬಳಕೆಯಾಗುತ್ತದೆ (ಒಡೆಯರ ಅನುಮತಿಯಿಲ್ಲದೆಯೂ ಕಾನೂನು ಒಪ್ಪುವ ಬಳಕೆ), ಆದರೆ ಕಳ್ಳಪ್ರತಿಗಳನ್ನು ಇಳಿಸಿಕೊಂಡು ಸಂಗ್ರಹ ಕಟ್ಟುವುದು ಹಾಗಾಗುವುದಿಲ್ಲ. ಆ ಮೊಕದ್ದಮೆ 150 ಕೋಟಿ ಡಾಲರ್‌ಗಳ ರಾಜಿಗೆ ಬಂದಿತು. ಪುಸ್ತಕವೊಂದಕ್ಕೆ ಸರಿಸುಮಾರು 3,000 ಡಾಲರ್. ಕಾನೂನಿನ ಕಣ್ಣಿನಲ್ಲೂ ಸಾಮಗ್ರಿ ಯಾವ ದಾರಿಯಿಂದ ಬಂತು ಎಂಬುದು ಮುಖ್ಯವಾಗುತ್ತದೆ ಎಂದು ಇದರಿಂದ ತಿಳಿಯುತ್ತದೆ. ಹಾಗಿರುವಾಗ ಅದೇ ಪ್ರಶ್ನೆಯನ್ನು ನಾವು ನಮ್ಮ ಉಪಕರಣಕ್ಕೂ ಕೇಳಬೇಕು.

ಕೇಳುವುದು ಎಂದರೆ ಬಳಕೆಯ ಷರತ್ತುಗಳನ್ನು ಓದುವುದು. ತರಬೇತಿಗೆ ಬಳಸಿದ ಸಾಮಗ್ರಿ ಪರವಾನಗಿ ಪಡೆದದ್ದೇ, ಹಕ್ಕುಸ್ವಾಮ್ಯದ ಅವಧಿ ಮುಗಿದದ್ದೇ, ಅಥವಾ ಆ ಬಗ್ಗೆ ಕಂಪನಿ ಏನನ್ನೂ ಹೇಳುವುದಿಲ್ಲವೇ ಎಂದು ನೋಡಿ. ಅಡೋಬಿ ತನ್ನ ಫೈರ್‌ಫ್ಲೈ ಮಾದರಿಗೆ ಪರವಾನಗಿಯುಳ್ಳ ಮತ್ತು ಹಕ್ಕುಸ್ವಾಮ್ಯದ ಅವಧಿ ಮುಗಿದ ಸಾಮಗ್ರಿಯನ್ನು ಬಳಸಿರುವುದಾಗಿ ಹೇಳುತ್ತದೆ. ಹಲವು ಉಪಕರಣಗಳು ಅಷ್ಟನ್ನೂ ಹೇಳುವುದಿಲ್ಲ. ಎರಡರ ಫಲಿತಾಂಶವೂ ಒಂದೇ ಮಟ್ಟದಲ್ಲಿದ್ದರೆ, ತನ್ನ ಮೂಲವನ್ನು ಹೇಳುವ ಉಪಕರಣವನ್ನೇ ಆರಿಸಿ.

ಎರಡನೆಯದಾಗಿ, ನೀವು ಒಳಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಹಲವು ಉಪಕರಣಗಳಲ್ಲಿ ಬಳಕೆದಾರರು ಕೊಟ್ಟ ಬರಹ ಮತ್ತು ಚಿತ್ರಗಳು ಮುಂದಿನ ತರಬೇತಿಗೆ ಹೋಗದಂತೆ ತಡೆಯುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿರುತ್ತದೆ, ಆದರೆ ಅದನ್ನು ನಾವೇ ಹುಡುಕಿ ಬದಲಾಯಿಸಬೇಕಾಗುತ್ತದೆ. ಸಂಪಾದಕರಾಗಿ ಬೇರೊಬ್ಬರ ಅಪ್ರಕಟಿತ ಹಸ್ತಪ್ರತಿಯನ್ನು ಓದಲು ಪಡೆದಿದ್ದರೆ, ಅದನ್ನು ಸಾರಾಂಶಕ್ಕೆಂದೋ ತಿದ್ದುಪಡಿಗೆಂದೋ ಲೇಖಕರ ಒಪ್ಪಿಗೆಯಿಲ್ಲದೆ ಯಾವ ಉಪಕರಣಕ್ಕೂ ಹಾಕಬೇಡಿ. ಆ ಹಸ್ತಪ್ರತಿಯನ್ನು ಅವರು ನಿಮ್ಮನ್ನು ನಂಬಿ ಕೊಟ್ಟಿರುತ್ತಾರೆ, ಕಂಪನಿಯೊಂದನ್ನು ನಂಬಿ ಅಲ್ಲ. ಗ್ರಾಹಕರ ಇನ್ನೂ ಬಿಡುಗಡೆಯಾಗದ ಉತ್ಪನ್ನದ ವಿವರ, ಸಂದರ್ಶನದ ಧ್ವನಿಮುದ್ರಣ, ಸಹೋದ್ಯೋಗಿಯ ಕರಡು ಚಿತ್ರ ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಕರಾರಿನಲ್ಲಿ ಬರೆಯಿರಿ, ಆಮೇಲೆ ಕೆಲಸ ಹಿಡಿಯಿರಿ

ಈ ವಿಷಯದಲ್ಲಿ ಎಲ್ಲರಿಗೂ ಪಾಠವಾಗಬಲ್ಲ ಉದಾಹರಣೆ ಅಮೆರಿಕದ ಚಿತ್ರಕಥೆಗಾರರದು. 2023ರಲ್ಲಿ ಅವರ ಸಂಘ 148 ದಿನ ಮುಷ್ಕರ ಹೂಡಿತು, ಮತ್ತು ಮುಷ್ಕರದ ಕೊನೆಗೆ ಪಡೆದ ಒಪ್ಪಂದದಲ್ಲಿ ಎಐ ಕುರಿತ ನಿಯಮಗಳೂ ಇದ್ದವು. ಎಐ ಬರೆದದ್ದನ್ನು ಸಾಹಿತ್ಯಿಕ ಸಾಮಗ್ರಿ ಎಂದು ಪರಿಗಣಿಸುವಂತಿಲ್ಲ. ಬರಹಗಾರರಿಗೆ ಕೊಡುವ ಸಾಮಗ್ರಿಯಲ್ಲಿ ಯಂತ್ರ ಬರೆದ ಭಾಗವಿದ್ದರೆ ಕಂಪನಿ ಅದನ್ನು ತಿಳಿಸಲೇಬೇಕು. ಕಂಪನಿ ಒಪ್ಪಿದರೆ ಬರಹಗಾರರು ಎಐ ಬಳಸಬಹುದು, ಆದರೆ ಬಳಸಲೇಬೇಕೆಂದು ಕಂಪನಿ ಒತ್ತಾಯಿಸುವಂತಿಲ್ಲ. ತಿಳಿಸುವ ಹೊಣೆ ಎರಡೂ ಕಡೆಯವರ ಮೇಲಿರುವುದು ಈ ನಿಯಮಗಳ ಹೆಚ್ಚುಗಾರಿಕೆ ಎಂದು ನನಗೆ ಅನ್ನಿಸುತ್ತದೆ.

ಸಂಘದ ಬಲವಿಲ್ಲದೆ ಒಬ್ಬರೇ ದುಡಿಯುವವರು ಸಹ ಇದನ್ನು ಒಂದು ಪತ್ರದಲ್ಲಿ ಸಾಧಿಸಬಹುದು. ಕೆಲಸ ಒಪ್ಪುವ ಇಮೇಲ್‌ನಲ್ಲಿ ಹೀಗೆ ಬರೆಯಿರಿ: “ಈ ಮುಖಪುಟದ ಆರಂಭಿಕ ವಿನ್ಯಾಸ ಕಲ್ಪನೆಗಳಿಗೆ ನಾನು ಎಐ ಉಪಕರಣವನ್ನು ಬಳಸಬಹುದು. ಅಂತಿಮ ಚಿತ್ರವನ್ನು ಪೂರ್ಣವಾಗಿ ನಾನೇ ಬರೆಯುತ್ತೇನೆ. ಅಂತಿಮ ಕೃತಿಯಲ್ಲಿ ಎಐ ರಚಿಸಿದ ಭಾಗವನ್ನು ಸೇರಿಸುವ ಸಂದರ್ಭ ಬಂದರೆ ಮುಂಚಿತವಾಗಿ ನಿಮ್ಮ ಲಿಖಿತ ಒಪ್ಪಿಗೆ ಪಡೆಯುತ್ತೇನೆ. ನಾನು ಸಲ್ಲಿಸುವ ಕರಡುಗಳನ್ನಾಗಲಿ ಅಂತಿಮ ಚಿತ್ರವನ್ನಾಗಲಿ ಎಐ ತರಬೇತಿಗೆ ಬಳಸುವ ಅನುಮತಿ ಈ ಕರಾರಿನಲ್ಲಿ ಸೇರಿಲ್ಲ.” ಕೊನೆಯ ವಾಕ್ಯವನ್ನು ಬಿಡಬೇಡಿ. ‘ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ ಎಲ್ಲ ರೀತಿಯ ಬಳಕೆ’ ಎಂಬ ಸಾಲು ಹಳೆಯ ಕರಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಮತ್ತು ತರಬೇತಿಯೂ ಅದರಲ್ಲಿ ಸೇರಿದೆ ಎಂದು ವಾದಿಸಲು ಅದು ಅವಕಾಶ ಕೊಡುತ್ತದೆ.

ಸಂಭಾವನೆಯ ಮಾತನ್ನೂ ಇಲ್ಲಿಯೇ ಆಡಬೇಕು. ಯಂತ್ರ ಬರೆದ ಕರಡನ್ನು ಕೊಟ್ಟು “ಸ್ವಲ್ಪ ತಿದ್ದಿಕೊಡಿ” ಎಂದು ತಿದ್ದುಪಡಿಯ ದರವನ್ನಷ್ಟೇ ನಿಗದಿ ಮಾಡುವ ರೂಢಿ ಅನುವಾದದಲ್ಲಿ ಮೊದಲೇ ಇತ್ತು, ಈಗ ಬರವಣಿಗೆಗೂ ಹಬ್ಬುತ್ತಿದೆ. ಒಪ್ಪುವ ಮೊದಲು ಎರಡು ಪುಟಗಳನ್ನು ಪೂರ್ತಿಯಾಗಿ ತಿದ್ದಿ, ಹಿಡಿದ ಸಮಯವನ್ನು ಬರೆದಿಡಿ. ಹೊಸದಾಗಿ ಬರೆಯಲು ಬೇಕಾದಷ್ಟೇ ಸಮಯ ಹಿಡಿದಿದ್ದರೆ, ಆ ಲೆಕ್ಕವನ್ನು ಮುಂದಿಟ್ಟು ಬರವಣಿಗೆಯ ದರವನ್ನೇ ಕೇಳಿ. ಇದು ನಿಮ್ಮೊಬ್ಬರ ಜೇಬಿನ ಪ್ರಶ್ನೆಯಲ್ಲ. ನೀವು ಒಪ್ಪಿದ ದರವನ್ನೇ ಮುಂದಿನವರಿಗೂ ತೋರಿಸುತ್ತಾರೆ.

ವ್ಯಕ್ತಿಯ ಹೆಸರು ಬಿಡಿ, ನಿಮಗೆ ಬೇಕಾದ ಗುಣವನ್ನು ಹೇಳಿ

ಪೋಲೆಂಡಿನ ಚಿತ್ರಕಾರ ಗ್ರೆಗ್ ರುಟ್ಕೋವ್ಸ್ಕಿಯವರ ಹೆಸರು 2022ರಲ್ಲಿ ಚಿತ್ರ ರಚಿಸುವ ಉಪಕರಣಗಳ ಪ್ರಾಂಪ್ಟ್‌ಗಳಲ್ಲಿ (ಬೇಕಾದದ್ದನ್ನು ಯಂತ್ರಕ್ಕೆ ಬರೆದು ಹೇಳುವ ಸೂಚನೆಗಳಲ್ಲಿ) ಅತಿ ಹೆಚ್ಚು ಬಳಕೆಯಾದ ಹೆಸರುಗಳಲ್ಲಿ ಒಂದಾಗಿತ್ತು. ಅವರ ಹೆಸರು ಹಾಕಿ ಹುಡುಕಿದರೆ ಅವರು ಬರೆಯದ ಚಿತ್ರಗಳು ಸಿಗುವ ಸ್ಥಿತಿ ಬಂತು. ಶೈಲಿಗೆ ಹಕ್ಕುಸ್ವಾಮ್ಯವಿಲ್ಲ ಎಂಬುದು ನಿಜ, ಹಿಂದಿನವರನ್ನು ನೋಡಿಯೇ ನಾವೆಲ್ಲರೂ ಕಲಿತಿರುವುದೂ ನಿಜ. ಆದರೆ ಮನುಷ್ಯ ಇನ್ನೊಬ್ಬರ ಶೈಲಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡುವಾಗ ತನ್ನ ಕೈಯ ಗುಣವೂ ಅದರೊಳಗೆ ಇಳಿಯುತ್ತದೆ; ಯಂತ್ರದಿಂದ ಅದೇ ಶೈಲಿಯ ನೂರು ಚಿತ್ರಗಳನ್ನು ಒಂದು ಮಧ್ಯಾಹ್ನದಲ್ಲಿ ತೆಗೆದು ಅದೇ ಮಾರುಕಟ್ಟೆಗೆ ಬಿಟ್ಟರೆ, ಬದುಕಿರುವ ಕಲಾವಿದರ ಕೆಲಸಕ್ಕೆ ಅವರ ಹೆಸರಿನಿಂದಲೇ ಪೈಪೋಟಿ ಹುಟ್ಟುತ್ತದೆ. ಆದ್ದರಿಂದ ಬದುಕಿರುವ ಕಲಾವಿದರ, ಬರಹಗಾರರ, ಗಾಯಕರ ಹೆಸರನ್ನು ಪ್ರಾಂಪ್ಟ್‌ನಲ್ಲಿ ಹಾಕಬೇಡಿ. ಇದರಲ್ಲಿ ನಾನು ವಿನಾಯಿತಿ ಕೊಡುವುದು ಒಂದೇ ಸಂದರ್ಭಕ್ಕೆ, ಅದು ನಿಮ್ಮದೇ ಹಳೆಯ ಕೃತಿಗಳನ್ನು ಆಧಾರವಾಗಿ ಕೊಡುವಾಗ.

ಹೆಸರಿಲ್ಲದೆ ಕೇಳುವುದು ಹೇಗೆ? ಒಬ್ಬ ಚಿತ್ರಕಾರ್ತಿ ದೀಪಸ್ತಂಭದ ಕಾವಲುಗಾರನ ಕಥೆಗೆ ಮುಖಪುಟ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. “ಇಂಥವರ ಶೈಲಿಯಲ್ಲಿ ದೀಪಸ್ತಂಭ” ಎಂದು ಕೇಳುವ ಬದಲು ಅವರು ಹೀಗೆ ಬರೆಯಬಹುದು: “ಸಂಜೆ ಕಳೆದ ಮೇಲಿನ ಸಮುದ್ರ. ಚಿತ್ರದ ಕೆಳಗಿನ ಮೂರನೆಯ ಒಂದು ಭಾಗದಲ್ಲಷ್ಟೇ ನೀರು. ದೀಪಸ್ತಂಭ ಬಲ ಅಂಚಿಗೆ ಒತ್ತಿಕೊಂಡಿರಲಿ, ತುದಿ ಕಾಣಿಸದಿರಲಿ. ಬೆಳಕು ಒಂದೇ ಕಡೆಯಿಂದ. ಒರಟು ಕಾಗದದ ಮೇಲಿನ ಇದ್ದಿಲ ಗೆರೆಗಳು, ಒಂದೇ ಒಂದು ಬಣ್ಣ.” ಎರಡನೆಯ ಪ್ರಾಂಪ್ಟ್ ಬರೆಯಲು ಅವರು ಕಥೆಯನ್ನು ಇನ್ನೊಮ್ಮೆ ಓದಬೇಕಾಯಿತು, ತುದಿ ಏಕೆ ಕಾಣಿಸಬಾರದು ಎಂದು ಯೋಚಿಸಬೇಕಾಯಿತು. ಆಗ ಅವರು ಮಾಡಿದ್ದು ಮುಖಪುಟದ ಅಸಲಿ ಕೆಲಸ.

ಬಂದ ಚಿತ್ರವನ್ನು ರಿವರ್ಸ್ ಇಮೇಜ್ ಸರ್ಚ್‌ಗೆ, ಅಂದರೆ ಚಿತ್ರವನ್ನೇ ಕೊಟ್ಟು ಅದನ್ನು ಹೋಲುವ ಚಿತ್ರಗಳನ್ನು ಅಂತರಜಾಲದಲ್ಲಿ ಹುಡುಕುವ ಸೌಲಭ್ಯಕ್ಕೆ, ಹಾಕಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ತರಬೇತಿಯಲ್ಲಿ ಮತ್ತೆ ಮತ್ತೆ ಬಂದ ಚಿತ್ರಗಳನ್ನು ಮಾದರಿಗಳು ಕೆಲವೊಮ್ಮೆ ಬಹುಪಾಲು ಹಾಗೆಯೇ ಹೊರಹಾಕುವುದುಂಟು. ಬರಹದಲ್ಲಾದರೆ ವಿಶಿಷ್ಟವೆನಿಸಿದ ಸಾಲುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ರಾಗಸಂಯೋಜನೆಯಲ್ಲಿ ಎಲ್ಲೋ ಕೇಳಿದಂತಿದೆ ಎನ್ನಿಸಿದರೆ, ಆ ಅನುಮಾನ ಬಗೆಹರಿಯುವವರೆಗೆ ಅದನ್ನು ಬಳಸದಿರುವುದೇ ಕ್ಷೇಮ.

ಕೆಲಸದ ದಿನಚರಿ ಇಡಿ

ದಿನಚರಿಯಿಲ್ಲದೆ ಇಲ್ಲಿಯವರೆಗೆ ಹೇಳಿದ ಯಾವುದನ್ನೂ ಸಾಬೀತುಪಡಿಸಲಾಗುವುದಿಲ್ಲ. ದೀಪಸ್ತಂಭದ ಚಿತ್ರಕಾರ್ತಿಯ ಒಂದು ದಿನದ ನಮೂದು ಹೀಗಿರಬಹುದು: “ದಿನಾಂಕ, ಉಪಕರಣದ ಹೆಸರು, ಆವೃತ್ತಿ. ನನ್ನ ಪೆನ್ಸಿಲ್ ಕರಡು ಸಂಖ್ಯೆ 3ನ್ನು ಒಳಗೆ ಹಾಕಿದೆ. 12 ಚಿತ್ರಗಳು ಬಂದವು. 7ನೆಯದರಿಂದ ಬೆಳಕಿನ ದಿಕ್ಕನ್ನು ಮಾತ್ರ ತೆಗೆದುಕೊಂಡೆ. ದೋಣಿಯ ಹಗ್ಗ ಯಾವುದಕ್ಕೂ ಕಟ್ಟಿರಲಿಲ್ಲ, ಗಾಳಿಯಲ್ಲೇ ಮುಗಿದುಹೋಗಿತ್ತು. ಬಂದರಿನ ಫೋಟೊ ನೋಡಿ ಹಗ್ಗವನ್ನೂ ಗೂಟವನ್ನೂ ನಾನೇ ಬರೆದೆ. ಅಂತಿಮ ಚಿತ್ರ ಪೂರ್ತಿ ಇದ್ದಿಲಿನಲ್ಲಿ, ಕಾಗದದ ಮೇಲೆ.” ಐದು ನಿಮಿಷದ ಬರವಣಿಗೆ. ಇದರ ಜೊತೆಗೆ ಪ್ರಾಂಪ್ಟ್‌ಗಳ ಪಠ್ಯ, ಬಂದ ಚಿತ್ರಗಳು ಮತ್ತು ನಡುವಿನ ಕರಡುಗಳನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟರೆ ಸಾಕು.

ಹಕ್ಕುಸ್ವಾಮ್ಯದ ದೃಷ್ಟಿಯಿಂದಲೂ ಈ ದಿನಚರಿ ಬೇಕು. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2023ರ ಫೆಬ್ರವರಿಯಲ್ಲಿ, ಮಿಡ್‌ಜರ್ನಿ ಎಂಬ ಎಐ ಉಪಕರಣದಿಂದ ಚಿತ್ರಗಳನ್ನು ಮಾಡಿದ್ದ ಕಾಮಿಕ್ ಪುಸ್ತಕವೊಂದರ ಬಗ್ಗೆ ತೀರ್ಮಾನ ಹೇಳುವಾಗ, ಲೇಖಕಿ ಬರೆದ ಪಠ್ಯಕ್ಕೂ ಆಕೆ ಮಾಡಿದ ಆಯ್ಕೆ ಮತ್ತು ಜೋಡಣೆಗೂ ರಕ್ಷಣೆ ಕೊಟ್ಟಿತು, ಬಿಡಿ ಬಿಡಿ ಚಿತ್ರಗಳಿಗೆ ಕೊಡಲಿಲ್ಲ. ಕೊಲೊರಾಡೊದ ಕಲಾ ಸ್ಪರ್ಧೆಯಲ್ಲಿ 2022ರಲ್ಲಿ ಬಹುಮಾನ ಪಡೆದ ಎಐ ಚಿತ್ರಕ್ಕಾಗಿ ಕನಿಷ್ಠ 624 ಪ್ರಾಂಪ್ಟ್‌ಗಳನ್ನು ಬರೆದಿದ್ದಾಗಿ ಅದರ ಕರ್ತೃ ವಾದಿಸಿದರೂ ನೋಂದಣಿ ಸಿಗಲಿಲ್ಲ. 2025ರ ಜನವರಿಯ ವರದಿಯಲ್ಲಿ ಅದೇ ಕಚೇರಿ, ಈಗಿನ ತಂತ್ರಜ್ಞಾನದಲ್ಲಿ ಪ್ರಾಂಪ್ಟ್ ಬರೆದ ಮಾತ್ರಕ್ಕೆ ಕರ್ತೃತ್ವ ಬರುವುದಿಲ್ಲ ಎಂದು ಸ್ಪಷ್ಟಪಡಿಸಿತು. ಬೀಜಿಂಗ್‌ನ ಇಂಟರ್ನೆಟ್ ನ್ಯಾಯಾಲಯವಾದರೋ 2023ರ ನವೆಂಬರ್‌ನಲ್ಲಿ ಎಐ ಚಿತ್ರವೊಂದಕ್ಕೆ ಹಕ್ಕುಸ್ವಾಮ್ಯವನ್ನು ಮಾನ್ಯ ಮಾಡಿತು. ದೇಶದಿಂದ ದೇಶಕ್ಕೆ ಉತ್ತರ ಬದಲಾಗುವುದರಿಂದ, ಕೃತಿ ಎಲ್ಲಿ ಪ್ರಕಟವಾಗುತ್ತದೆ ಎಂದು ತಿಳಿದುಕೊಂಡೇ ಹಕ್ಕನ್ನು ವರ್ಗಾಯಿಸುವ ಮಾತಾಡಿ. ನಿಮ್ಮ ಬಳಿ ಇಲ್ಲದಿರಬಹುದಾದ ಹಕ್ಕನ್ನು ‘ಸಂಪೂರ್ಣ ಸ್ವಂತ ರಚನೆ’ ಎಂದು ಸಹಿ ಹಾಕಿ ಮಾರುವುದು ಗ್ರಾಹಕರಿಗೆ ಮಾಡುವ ಮೋಸ.

ಯಂತ್ರದ ಮಾತನ್ನು ಒಂದೊಂದಾಗಿ ಪರೀಕ್ಷಿಸಿ

2025ರ ಮೇ ತಿಂಗಳಲ್ಲಿ ಶಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಜೊತೆ ಬಂದ ಪುರವಣಿಯೊಂದರಲ್ಲಿ ಬೇಸಿಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿಯಿತ್ತು. ಅವುಗಳಲ್ಲಿ 10 ಪುಸ್ತಕಗಳನ್ನು ಯಾರೂ ಬರೆದೇ ಇರಲಿಲ್ಲ. ಲೇಖಕರು ನಿಜವಾದವರು, ಪುಸ್ತಕಗಳು ಮಾತ್ರ ಎಐ ಹುಟ್ಟುಹಾಕಿದವು. ಪುರವಣಿಯನ್ನು ಹೊರಗಿನ ಸಂಸ್ಥೆಯೊಂದು ಸಿದ್ಧಪಡಿಸಿತ್ತು, ಪರೀಕ್ಷಿಸದೆಯೇ ಅದು ಅಚ್ಚಿಗೆ ಹೋಗಿತ್ತು. ಪುಸ್ತಕದ ಹೆಸರು, ಇಸವಿ, ಉದ್ಧರಣೆ, ಅಂಕಿಅಂಶ ಇವು ಯಂತ್ರದಿಂದ ಬಂದಿದ್ದರೆ ಮೂಲವನ್ನು ಕಣ್ಣಾರೆ ನೋಡುವವರೆಗೂ ಅವನ್ನು ಸುಳ್ಳು ಎಂದೇ ಇಟ್ಟುಕೊಳ್ಳಿ. ಅದೇ ಯಂತ್ರವನ್ನು “ಇದು ನಿಜವೇ?” ಎಂದು ಕೇಳುವುದು ಪರೀಕ್ಷೆಯಾಗುವುದಿಲ್ಲ.

ಅನುವಾದದಲ್ಲಿ ತಪ್ಪುಗಳು ಇನ್ನಷ್ಟು ನಯವಾಗಿ ನುಸುಳುತ್ತವೆ. ಇಂಗ್ಲಿಷಿನ ಒಂದೇ ಸರ್ವನಾಮ ಕನ್ನಡಕ್ಕೆ ಬರುವಾಗ ‘ನೀನು’ ಆಗಬೇಕೋ ‘ನೀವು’ ಆಗಬೇಕೋ ಎಂಬುದನ್ನು ಆ ಪಾತ್ರಗಳ ಸಂಬಂಧ ನಿರ್ಧರಿಸುತ್ತದೆ. ನಲವತ್ತು ಪುಟಗಳವರೆಗೆ ಗಂಡನನ್ನು ‘ನೀವು’ ಎನ್ನುತ್ತಿದ್ದ ಹೆಂಡತಿ, ಮನೆ ಬಿಟ್ಟು ಹೊರಡುವ ಆ ಒಂದು ಪುಟದಲ್ಲಿ ‘ನೀನು’ ಎಂದರೆ, ಇಡೀ ಅಧ್ಯಾಯದ ಭಾರ ಆ ಒಂದು ಪದದ ಮೇಲೆ ಬೀಳುತ್ತದೆ. ಯಂತ್ರ ಎಲ್ಲ ಕಡೆಯೂ ‘ನೀವು’ ಎಂದು ಹಾಕಿದರೆ ವ್ಯಾಕರಣ ತಪ್ಪುವುದಿಲ್ಲ, ವಾಕ್ಯ ಸರಾಗವಾಗಿಯೇ ಓದಿಸಿಕೊಳ್ಳುತ್ತದೆ, ಆದರೆ ಆ ಹೆಣ್ಣಿನ ಸಿಟ್ಟು ಮಾತ್ರ ಕಾಣೆಯಾಗಿರುತ್ತದೆ. ಆದ್ದರಿಂದ ಯಂತ್ರಾನುವಾದವನ್ನು ತಿದ್ದುವಾಗ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿ. ಮೊದಲು ಸಂಬೋಧನೆಗಳನ್ನಷ್ಟೇ ನೋಡುತ್ತಾ ಒಂದು ಸುತ್ತು ಓದಿ, ಆಮೇಲೆ ಪ್ರಾದೇಶಿಕ ಮಾತಿನ ರೂಪಗಳಿಗಾಗಿ ಇನ್ನೊಂದು ಸುತ್ತು. ಯಂತ್ರ ಎಲ್ಲ ಪಾತ್ರಗಳಿಗೂ ಪಠ್ಯಪುಸ್ತಕದ ಒಂದೇ ಭಾಷೆಯನ್ನು ಕೊಟ್ಟುಬಿಡುವುದು ಆಗ ಎದ್ದು ಕಾಣುತ್ತದೆ.

ಧ್ವನಿ ಮತ್ತು ಮುಖದ ವಿಷಯದಲ್ಲಿ ಹೆಚ್ಚು ವಿವರಣೆ ಬೇಕಿಲ್ಲ. ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಧ್ವನಿಯನ್ನಾಗಲಿ ಮುಖವನ್ನಾಗಲಿ ಯಂತ್ರದಿಂದ ಮರುಸೃಷ್ಟಿಸಬೇಡಿ. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಮುಂದಿನ ಕೆಲಸಕ್ಕೆ ಸಲ್ಲುವುದಿಲ್ಲ. ಪ್ರತಿ ಬಳಕೆಗೂ ಒಪ್ಪಿಗೆ ಬೇರೆ, ಸಂಭಾವನೆ ಬೇರೆ. 2023ರಲ್ಲಿ 118 ದಿನ ಮುಷ್ಕರ ನಡೆಸಿದ ಅಮೆರಿಕದ ನಟರ ಸಂಘ ತಮ್ಮ ಡಿಜಿಟಲ್ ಪ್ರತಿರೂಪಗಳಿಗಾಗಿ ಪಡೆದದ್ದೂ ಒಪ್ಪಿಗೆ ಮತ್ತು ಸಂಭಾವನೆಯ ನಿಯಮಗಳನ್ನೇ. ತೀರಿಕೊಂಡವರಾದರೆ ವಾರಸುದಾರರನ್ನು ಕೇಳಿ.

ಓದುಗರಿಗೆ ಹೇಳುವಾಗ

‘ಎಐ ನೆರವಿನಿಂದ’ ಎಂಬ ಎರಡು ಪದಗಳು ಏನನ್ನೂ ತಿಳಿಸುವುದಿಲ್ಲ. ಕಾಗುಣಿತ ತಿದ್ದಿಸಿಕೊಂಡವರೂ ಅದನ್ನೇ ಬರೆಯುತ್ತಾರೆ, ಇಡೀ ಪುಸ್ತಕವನ್ನು ಯಂತ್ರದಿಂದ ಬರೆಸಿದವರೂ ಅದನ್ನೇ ಬರೆಯುತ್ತಾರೆ. ಅಮೆಜಾನ್‌ನ ಸ್ವಪ್ರಕಾಶನ ವಿಭಾಗ 2023ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮ ಈ ಎರಡನ್ನು ಬೇರ್ಪಡಿಸುತ್ತದೆ: ಪಠ್ಯ, ಚಿತ್ರ ಅಥವಾ ಅನುವಾದವನ್ನು ಎಐ ರಚಿಸಿದ್ದರೆ, ನೀವು ಆಮೇಲೆ ಎಷ್ಟೇ ತಿದ್ದಿದ್ದರೂ, ಅದನ್ನು ಸಂಸ್ಥೆಗೆ ತಿಳಿಸಬೇಕು; ನೀವೇ ಬರೆದದ್ದನ್ನು ಎಐಯಿಂದ ತಿದ್ದಿಸಿಕೊಂಡಿದ್ದರೆ ತಿಳಿಸುವುದು ಕಡ್ಡಾಯವಲ್ಲ. ಈ ಭೇದ ಉಪಯುಕ್ತ, ಆದರೆ ಅಲ್ಲಿ ತಿಳಿಸುವುದು ಮಾರುವ ಸಂಸ್ಥೆಗೆ ಮಾತ್ರ. ಓದುಗರಿಗೂ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ. ಪುಸ್ತಕದ ಒಳಪುಟದಲ್ಲಿ “ಈ ಅನುವಾದದ ಮೊದಲ ಕರಡನ್ನು ಎಐ ಉಪಕರಣದಿಂದ ಪಡೆದು, ಮೂಲದೊಡನೆ ಸಾಲು ಸಾಲಾಗಿ ಹೋಲಿಸಿ ಅನುವಾದಕರು ಪುನಃ ಬರೆದಿದ್ದಾರೆ, ಚಿತ್ರಗಳೆಲ್ಲವೂ ಕೈಯಿಂದಲೇ ಬರೆದವು” ಎಂಬಂಥ ಒಂದು ವಾಕ್ಯ ಹಾಕಿದರೆ ಸಾಕು, ಯಾರಿಗೂ ಗೊಂದಲ ಉಳಿಯುವುದಿಲ್ಲ.

ಸ್ಪರ್ಧೆಗಳಿಗೆ ಕಳಿಸುವಾಗ ನಿಯಮಾವಳಿ ಸ್ಪಷ್ಟವಿಲ್ಲದಿದ್ದರೆ ಕಳಿಸುವ ಮೊದಲೇ ಆಯೋಜಕರಿಗೆ ಬರೆದು ಕೇಳಿ. ಜರ್ಮನಿಯ ಕಲಾವಿದ ಬೋರಿಸ್ ಎಲ್ಡಾಗ್‌ಸೆನ್ 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದು, ತಮ್ಮದು ಎಐ ಚಿತ್ರ, ಛಾಯಾಚಿತ್ರವಲ್ಲ ಎಂದು ಪ್ರಶಸ್ತಿಯನ್ನು ನಿರಾಕರಿಸಿದರು. ಅವರಿಗೆ ಚರ್ಚೆ ಎಬ್ಬಿಸುವ ಉದ್ದೇಶವಿತ್ತು. ಉಳಿದವರಿಗೆ ಒಂದು ಇಮೇಲ್‌ನಿಂದ ಕೆಲಸ ಆಗುತ್ತದೆ. ಚಿತ್ರ ಮತ್ತು ವೀಡಿಯೊ ಮಾಡುವವರು ಕಡತದೊಳಗೇ ಅದರ ಹುಟ್ಟಿನ ವಿವರವನ್ನು ದಾಖಲಿಸುವ ಸಿ2ಪಿಎ ಮಾನದಂಡವನ್ನು ತಮ್ಮ ತಂತ್ರಾಂಶ ಬೆಂಬಲಿಸುತ್ತದೆಯೇ ಎಂದು ನೋಡಿ ಅದನ್ನು ಚಾಲನೆಯಲ್ಲಿಡಬೇಕು. ಕೆಲವು ಜಾಲತಾಣಗಳು ಕಡತ ಏರಿಸಿದಾಗ ಈ ವಿವರವನ್ನು ಅಳಿಸಿಹಾಕುವುದರಿಂದ, ಚಿತ್ರದ ಕೆಳಗೆ ಮಾತಿನಲ್ಲಿಯೂ ಬರೆಯುವುದು ಒಳ್ಳೆಯದು.

ಇನ್ನೊಬ್ಬರ ಕೃತಿಯನ್ನು ನೋಡಿ ಇದು ಯಂತ್ರದ್ದೇ ಇರಬೇಕು ಎಂದು ಸಾರ್ವಜನಿಕವಾಗಿ ಆರೋಪಿಸುವ ಚಾಳಿಯ ಬಗ್ಗೆಯೂ ಎಚ್ಚರವಿರಲಿ. ಬರಹವನ್ನು ಎಐ ಬರೆದಿದೆಯೇ ಎಂದು ಪತ್ತೆಹಚ್ಚಲು, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ಸ್ವತಃ ತಂದಿದ್ದ ಉಪಕರಣವನ್ನು, ನಿಖರತೆ ಕಡಿಮೆ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ಅದೇ ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಇಂಗ್ಲಿಷ್ ಪ್ರಬಂಧಗಳನ್ನು ಇಂಥ ಉಪಕರಣಗಳು ಹೆಚ್ಚಾಗಿ ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸುತ್ತವೆ ಎಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದೇ ವರ್ಷ ತೋರಿಸಿದರು. ಸಂದೇಹವಿದ್ದರೆ ಕರ್ತೃವಿಗೆ ಖಾಸಗಿಯಾಗಿ ಬರೆದು ಕರಡುಗಳನ್ನು ತೋರಿಸಲು ಕೇಳಬಹುದು. ಸಂಪಾದಕರಾಗಿದ್ದರೆ ಈ ಕೋರಿಕೆ ಎಲ್ಲರಿಗೂ ಒಂದೇ ರೀತಿ ಇರಲಿ.

ತಪ್ಪು ನಿಮ್ಮದೇ ಆಗಿದ್ದರೆ

ಪ್ರಕಟವಾದ ಮೇಲೆ ಸಮಸ್ಯೆ ಕಾಣಿಸಿಕೊಳ್ಳಬಹುದು. ಯಂತ್ರ ಕೊಟ್ಟ ಹಿನ್ನೆಲೆ ಚಿತ್ರ ಯಾರದೋ ಕೃತಿಗೆ ತೀರಾ ಹತ್ತಿರವಾಗಿದೆ ಎಂದು ಗೊತ್ತಾಗಬಹುದು, ಅಥವಾ ಹೇಳಬೇಕಿದ್ದುದನ್ನು ಹೇಳಿಲ್ಲ ಎಂಬುದು ತಡವಾಗಿ ಹೊಳೆಯಬಹುದು. ಯಾರಾದರೂ ಗುರುತಿಸಲಿ ಎಂದು ಕಾಯದೆ ಮೊದಲು ಗ್ರಾಹಕರಿಗೆ ಬರೆಯಿರಿ: ಯಾವ ಪುಟ, ಯಾವ ಭಾಗ, ಹೇಗೆ ಆಯಿತು, ಬದಲಿ ಯಾವ ದಿನಕ್ಕೆ ಸಿದ್ಧವಾಗುತ್ತದೆ. ಬದಲಿ ಚಿತ್ರಕ್ಕೆ ಹಣ ಕೇಳಬೇಡಿ. ಹೋಲಿಕೆಯಿರುವ ಮೂಲ ಕಲಾವಿದರ ಗುರುತು ಸಿಕ್ಕರೆ ಗ್ರಾಹಕರಿಗೆ ತಿಳಿಸಿ ಅವರಿಗೂ ನೇರವಾಗಿ ಬರೆಯಿರಿ. ಚಿತ್ರವನ್ನು ತೆಗೆಯಬೇಕೋ, ಅವರ ಹೆಸರು ಮತ್ತು ಸಂಭಾವನೆಯೊಂದಿಗೆ ಉಳಿಸಿಕೊಳ್ಳಬಹುದೋ ಎಂಬುದನ್ನು ಅವರೇ ಹೇಳಲಿ. ಡಿಜಿಟಲ್ ಪ್ರತಿಯನ್ನು ಸದ್ದಿಲ್ಲದೆ ಬದಲಾಯಿಸಿ ಸುಮ್ಮನಾಗಬೇಡಿ. ಏನನ್ನು ಯಾವ ದಿನ ಬದಲಿಸಲಾಯಿತು ಎಂಬ ಒಂದು ಸಾಲಿನ ಟಿಪ್ಪಣಿ ಅಲ್ಲಿಯೇ ಇರಲಿ. ಈ ಪತ್ರಗಳ ಪ್ರತಿಗಳನ್ನು ಆ ಕೆಲಸದ ದಿನಚರಿಯ ಫೋಲ್ಡರ್‌ನಲ್ಲಿಯೇ, ಮೊದಲ ಕರಡುಗಳ ಜೊತೆ ಸೇರಿಸಿಡಿ.